ಹಾಲು ಕೊಡದ ಹೋರಿಗೆ ಹಾಲಿನ ಅಂಕ



ಬೆಂಗಳೂರಿನ ಶ್ರೀನಗರದಿಂದ ಹನುಮಂತನಗರ ದಾಟಿ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ನಿಲ್ಲುತ್ತೀರಿ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಏಕಶಿಲಾ ನಂದಿ ಅದು. ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವನನ್ನು ಸಮಾಧಾನಪಡಿಸಲು ರೈತರು ಮೊದಲ ಫಸಲನ್ನು ಅರ್ಪಿಸಿದರೆಂಬ ಕಥೆ ನಿಮಗೆ ಗೊತ್ತೇ ಇದೆ. ಕಾರ್ತಿಕ ಮಾಸದ ಕಡೆಯ ಸೋಮವಾರದ ಪರಿಷೆಗೆ ನೀವೂ ಹೋಗಿರಬಹುದು. ಆದರೆ ಈ ಲೇಖನ ಕಲ್ಲಿನ ಬಸವನನ್ನು ಕುರಿತದ್ದಲ್ಲ. ನಮ್ಮ ಮನೆಗೆ ಬರುವ ಹಾಲಿನ ಹಿಂದೆ ನಿಂತಿರುವ, ನಾವು ಯಾರೂ ನೋಡದ ಜೀವಂತ ಹೋರಿಯನ್ನು ಕುರಿತದ್ದು.

1990ರ ಸುಮಾರಿನಲ್ಲಿ ನಾನು ಶ್ರೀನಗರದ ಪ್ರಾಥಮಿಕ ಶಾಲೆಯ ಹುಡುಗ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜಿ ಎರಡು ಸೀಮೆ ಹಸು ಸಾಕಿಕೊಂಡಿದ್ದರು. ಬೆಳಗ್ಗೆ ಆರಕ್ಕೆ ಪಾತ್ರೆ ಹಿಡಿದು ಹೋದರೆ ಪಾವಿನಲ್ಲಿ ಅಳೆದು ಹಾಲು ಹೊಯ್ಯುತ್ತಿದ್ದರು. ದೊಡ್ಡ ಹಸು ದಿನಕ್ಕೆ ಒಂಬತ್ತು ಲೀಟರ್ ಕೊಡುತ್ತಿತ್ತು. ಅದರ ಹೊಟ್ಟೆಯಲ್ಲೇ ಹುಟ್ಟಿದ ಕಡಸನ್ನು ಅಜ್ಜಿ ಮೂರು ವರ್ಷ ಹುಲ್ಲು, ಬೂಸ, ಹಿಂಡಿ ಹಾಕಿ ಸಾಕಿದರು. ಅದು ಕರು ಹಾಕಿದ ಮೇಲೆ ಕೊಟ್ಟದ್ದು ಐದೇ ಲೀಟರ್.

ಒಂದು ದಿನ ಅಜ್ಜಿ ನನ್ನನ್ನೇ ಕೇಳಿದರು: "ಸೂಜಿ ಹಾಕ್ದೋರ್ನ ಯಾವ ಹೋರೀದಪ್ಪಾ ಅಂತ ಕೇಳ್ದೆ. ಒಳ್ಳೇ ಹೋರೀದೇ ಕಣಜ್ಜಿ ಅಂದ್ರು. ಒಳ್ಳೇದು ಅಂತ ಅವ್ರಿಗೆ ಹೆಂಗ್ ಗೊತ್ತು ಮಗಾ? ಹೋರಿ ಏನ್ ಹಾಲು ಕೊಡ್ತದಾ?"

ನನ್ನ ಬಳಿ ಉತ್ತರವಿರಲಿಲ್ಲ. ಮುಂದೆ ಬಿ.ಎಸ್ಸಿ. ತರಗತಿಯಲ್ಲಿ ಸಂಖ್ಯಾಶಾಸ್ತ್ರ ಓದುವಾಗ, ಅನಂತರ ದೂರದರ್ಶನದ ಕೃಷಿ ಕಾರ್ಯಕ್ರಮಗಳಿಗಾಗಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆಯುವಾಗ, ಅಜ್ಜಿಯ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯಿತು. ಜಗತ್ತಿನ ದೊಡ್ಡ ಗಣಿತಜ್ಞರು ಸುಮಾರು ನೂರು ವರ್ಷ ಅದೇ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. ಆ ಹುಡುಕಾಟದ ಒಂದಷ್ಟು ಪುಟಗಳು ನಮ್ಮ ಮೈಸೂರು, ಆಡುಗೋಡಿ, ಹೆಸರಘಟ್ಟಗಳಲ್ಲೂ ಇವೆ. ಬನ್ನಿ, ಒಂದೊಂದಾಗಿ ತಿರುವೋಣ.

ಕಣ್ಣಳತೆಯ ಕಾಲ

ಮೊದಲು ಹೋರಿಯನ್ನು ಅಳೆದದ್ದು ಕಣ್ಣು. ಮೈಸೂರು ಒಡೆಯರು ಕಟ್ಟಿದ ರಾಸುಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂಬ ಹೆಸರಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು 'ಅಮೃತ ಮಹಲ್' ಆಯಿತು. ಹೆಸರಿನಲ್ಲಿ ಬೆಣ್ಣೆ, ಅಮೃತಗಳಿದ್ದರೂ ಆ ರಾಸುಗಳ ನಿಜವಾದ ಕೀರ್ತಿ ಇದ್ದದ್ದು ದಂಡಿನ ತೋಪು ಮತ್ತು ಸಾಮಾನುಗಳನ್ನು ವೇಗವಾಗಿ ಎಳೆಯುವುದರಲ್ಲಿ. ಇಂದಿಗೂ ಅಜ್ಜಂಪುರದ ಸರ್ಕಾರಿ ಕೇಂದ್ರದಲ್ಲಿ ಆ ತಳಿ ಉಳಿದಿದೆ. ಹಳ್ಳಿಕಾರ್ ತಳಿಯೂ ಉಳುಮೆಗೆ, ಗಾಡಿಗೆ ಹೆಸರಾದದ್ದು. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ರೈತರು ಹೋರಿಯ ಕೊಂಬು, ಗೊರಸು, ಬಾಲ, ಮೈಮೇಲಿನ ಸುಳಿ, ನಡಿಗೆ ಎಲ್ಲವನ್ನೂ ನೋಡಿಯೇ ಬೆಲೆ ಕಟ್ಟುತ್ತಾರೆ.

ಎಳೆಯುವ ಶಕ್ತಿಯನ್ನು ಅಳೆಯಲು ಈ ವಿಧಾನ ಸಾಕು, ಏಕೆಂದರೆ ಆ ಗುಣ ಹೋರಿಯ ಮೈಯಲ್ಲೇ ಕಾಣುತ್ತದೆ. ಹಾಲಿನ ವಿಷಯದಲ್ಲಿ ಹಾಗಲ್ಲ. ಹಾಲಿನ ಗುಣ ಹೋರಿಯ ರಕ್ತದಲ್ಲಿ ಅಡಗಿರುತ್ತದೆ, ಮೈಯಲ್ಲಿ ತೋರುವುದಿಲ್ಲ. ಕರುವಿಗೆ ಅರ್ಧ ವಂಶವಾಹಿಗಳು ತಾಯಿಯಿಂದ, ಇನ್ನರ್ಧ ತಂದೆಯಿಂದ ಬರುತ್ತವೆ. ತಾಯಿಯ ಪಾಲನ್ನು ಅವಳ ಕೆಚ್ಚಲು ಹೇಳುತ್ತದೆ. ತಂದೆಯ ಪಾಲನ್ನು ಹೇಳುವವರು ಯಾರು? ಸಮಸ್ಯೆಯ ಮೂಲ ಇದು.

ಮೂರು ಊರುಗಳ ಕಥೆ

ಈ ಪ್ರಶ್ನೆ ನಮ್ಮ ನಾಡಿಗೆ ಬಂದದ್ದು ಸಂಕರ ತಳಿಗಳ ಜೊತೆಯಲ್ಲಿ. 1923ರಲ್ಲಿ ಬೆಂಗಳೂರಿನಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. ಆರೋಗ್ಯ ಸುಧಾರಿಸಿಕೊಳ್ಳಲು 1927ರಲ್ಲಿ ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಈ ಸಂಸ್ಥೆಗೆ ಭೇಟಿಯಿತ್ತು, ವಿಲಿಯಂ ಸ್ಮಿತ್ ಎಂಬ ತಜ್ಞರಿಂದ ಗೋಪಾಲನೆಯ ಪಾಠ ಕೇಳಿದರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ಈ ಸಂಸ್ಥೆ 1955ರಲ್ಲಿ ಹರಿಯಾಣದ ಕರ್ನಾಲ್‌ಗೆ ಹೋಗಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು. ಬೆಂಗಳೂರಿನಲ್ಲಿ ಉಳಿದದ್ದು ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಾಯಿತು. ಹೊಸೂರು ರಸ್ತೆಯಲ್ಲಿ ಆಡುಗೋಡಿಯ ಬಳಿ ಬಸ್ಸಿನಲ್ಲಿ ಹೋಗುವಾಗ ಅದನ್ನು ನೀವು ಕಂಡಿರುತ್ತೀರಿ.

ಎರಡನೆಯ ಊರು ಮೈಸೂರು. 1936ರಲ್ಲಿ ಡೆನ್ಮಾರ್ಕಿನ ಸಾಮ್ಸೊ ಎಂಬ ದ್ವೀಪದಲ್ಲಿ ರೈತರು ಕೃತಕ ಗರ್ಭಧಾರಣೆಯ ಸಹಕಾರ ಸಂಘ ಕಟ್ಟಿಕೊಂಡರು. ಅದಾದ ಮೂರೇ ವರ್ಷಕ್ಕೆ, 1939ರಲ್ಲಿ, ಮೈಸೂರಿನ ಅರಮನೆಯ ಹೈನು ಕೇಂದ್ರದಲ್ಲಿ ಡಾ. ಸಂಪತ್ ಕುಮಾರನ್ ಅವರು ಹಾಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟು ಗರ್ಭ ಕಟ್ಟಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಇತಿಹಾಸ ಆರಂಭವಾಗುವುದು ಅಲ್ಲಿಂದಲೇ. 1940ರ ದಶಕದಲ್ಲಿ ದೇಶದ ನಾಲ್ಕು ಕಡೆ ಪ್ರಾದೇಶಿಕ ಗರ್ಭಧಾರಣೆ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲಿ ಬೆಂಗಳೂರೂ ಒಂದಾಗಿತ್ತು.

ಮೂರನೆಯದು ಹೆಸರಘಟ್ಟ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ವಿಜ್ಞಾನಿಗಳು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಸಾಯುವುದಿಲ್ಲವೆಂದು ತೋರಿಸಿದರು. 1960ರ ದಶಕದ ಕೊನೆಯಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರ ಬಂತು. ದ್ರವ ಸಾರಜನಕದಲ್ಲಿ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ, ಕಾಲು ಮಿಲಿಲೀಟರಿನ ಸಣ್ಣ ಕಡ್ಡಿಯೊಂದರಲ್ಲಿ ಎರಡು ಕೋಟಿ ವೀರ್ಯಾಣುಗಳು ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹಳೆಯ ಕಾಲದಲ್ಲಿ ಊರಿನ ಒಂದು ಹೋರಿ ಕೆಟ್ಟದಾಗಿದ್ದರೆ ಕೆಡುತ್ತಿದ್ದದ್ದು ಆ ಊರು ಮಾತ್ರ. ಈಗ ಒಂದೇ ಹೋರಿಯಿಂದ ವರ್ಷಕ್ಕೆ ಸಾವಿರಾರು ಕಡ್ಡಿ ತಯಾರಾಗಿ ಜಿಲ್ಲೆಜಿಲ್ಲೆಗೆ ಹೋಗುತ್ತವೆ. ಹೋರಿಯ ಆಯ್ಕೆ ಸರಿಯಾದರೆ ಸಾವಿರಾರು ಮನೆಗೆ ಲಾಭ. ತಪ್ಪಿದರೆ ಆ ತಪ್ಪು ಸಾವಿರಾರು ಕೊಟ್ಟಿಗೆಗಳಲ್ಲಿ ಹುಟ್ಟುತ್ತದೆ, ಮೂರು ವರ್ಷ ಮೇವು ತಿಂದು ಬೆಳೆಯುತ್ತದೆ, ಆಮೇಲಷ್ಟೇ ಗೊತ್ತಾಗುತ್ತದೆ. ಆದ್ದರಿಂದ 'ಒಳ್ಳೇದು ಅಂತ ಹೆಂಗ್ ಗೊತ್ತು' ಎಂಬುದು ಬರೀ ಪಂಡಿತರ ಚರ್ಚೆಯಲ್ಲ.

ತಾಯಿಯಂತೆ ಮಗ?

'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆಯಿದೆ. ಹೋರಿಯನ್ನು ಅಳೆಯುವ ಮೊದಲ ಲೆಕ್ಕದ ವಿಧಾನವೂ ಇದೇ. ಹೋರಿಯ ತಾಯಿ ಎಷ್ಟು ಹಾಲು ಕೊಟ್ಟಳು? ಹೆಚ್ಚು ಕೊಟ್ಟಿದ್ದರೆ ಮಗ ಒಳ್ಳೆಯವನು. ಇದಕ್ಕೆ ವಂಶಾವಳಿಯ ಆಯ್ಕೆ ಎನ್ನುತ್ತಾರೆ.

ಇದರಲ್ಲಿ ಎಷ್ಟು ಸತ್ಯವಿದೆ? ಹಸುಗಳ ನಡುವೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಸುಮಾರು ಕಾಲುಭಾಗ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಉಳಿದದ್ದು ಮೇವು, ನೀರು, ರೋಗ, ಹವೆ, ಸಾಕುವವರ ಕೈಗುಣ. ತಾಯಿಯ ಗುಣದಲ್ಲಿ ಮಗನಿಗೆ ಬರುವುದು ಅರ್ಧ ಮಾತ್ರ. ಈ ಎರಡನ್ನೂ ಕೂಡಿ ಲೆಕ್ಕ ಹಾಕಿದರೆ, ತಾಯಿಯ ಒಂದು ಸೂಲಿನ ಹಾಲು ನೋಡಿ ಮಗನ ಯೋಗ್ಯತೆ ಹೇಳುವುದರ ನಂಬಿಕೆ ನೂರಕ್ಕೆ ಆರು ಚಿಲ್ಲರೆ. ಏನೂ ಇಲ್ಲದಾಗ ಇದೂ ಸರಿ, ಆದರೆ ಇದರ ಮೇಲೆ ಸಾವಿರ ಕೊಟ್ಟಿಗೆಗಳ ಭವಿಷ್ಯ ಕಟ್ಟಲಾಗದು.

ಮಗಳನ್ನು ಕೇಳು

ಹೋರಿಯ ಬಗ್ಗೆ ನಿಜ ಹೇಳುವವರು ಅದರ ಹೆಣ್ಣುಮಕ್ಕಳು. ಇದೇ ಸಂತತಿ ಪರೀಕ್ಷೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತ ತನ್ನ ಟಗರುಗಳನ್ನು ಮಾರದೆ ಬಾಡಿಗೆಗೆ ಕೊಟ್ಟು, ಅವುಗಳ ಮರಿಗಳನ್ನು ನೋಡಿ, ಒಳ್ಳೆಯದನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಿದ್ದ. ಹಾಲಿನ ವಿಷಯದಲ್ಲಿ ಇದು ಸಾಧ್ಯವಾಗಬೇಕಾದರೆ ಹಾಲನ್ನು ಅಳೆದು ಬರೆದಿಡಬೇಕು. ಅದಕ್ಕಾಗಿಯೇ ರೈತರು ಕೂಡಿ ಕಟ್ಟಿದ ಜಗತ್ತಿನ ಮೊದಲ ಸಂಘ 1895ರಲ್ಲಿ ಡೆನ್ಮಾರ್ಕಿನ ವೆಯೆನ್ ಎಂಬ ಊರಿನಲ್ಲಿ ಹುಟ್ಟಿತು.

ಆರಂಭದ ಲೆಕ್ಕ ಸುಲಭ. ಹೋರಿಯ ಎಲ್ಲ ಹೆಣ್ಣುಮಕ್ಕಳ ಹಾಲಿನ ಸರಾಸರಿ ತೆಗೆ, ಹೆಚ್ಚು ಸರಾಸರಿ ಇರುವ ಹೋರಿಗೆ ಮೊದಲ ಸ್ಥಾನ ಕೊಡು. ಒಂದು ಕಾಲ್ಪನಿಕ ಉದಾಹರಣೆ ನೋಡಿ. 'ರಾಮ' ಎಂಬ ಹೋರಿಯ ಹೆಣ್ಣುಮಕ್ಕಳು ಆನೇಕಲ್ಲಿನ ನೀರಾವರಿ ತೋಟಗಳಲ್ಲಿ ಹಸಿರು ಮೇವು ತಿನ್ನುತ್ತಾ ದಿನಕ್ಕೆ 12 ಲೀಟರ್ ಕೊಡುತ್ತಿದ್ದಾರೆ. 'ಭೀಮ'ನ ಹೆಣ್ಣುಮಕ್ಕಳು ಪಾವಗಡದ ಬಿಸಿಲಿನಲ್ಲಿ ಒಣಹುಲ್ಲು ತಿಂದು 8 ಲೀಟರ್ ಕೊಡುತ್ತಿದ್ದಾರೆ. ರಾಮನೇ ಮೇಲೆಂದರೆ ನೀವು ಅಳೆದದ್ದು ಹೋರಿಯನ್ನಲ್ಲ, ತಾಲ್ಲೂಕನ್ನು.

ಇದನ್ನು ತಿದ್ದಲು ಬಂದದ್ದು ತಾಯಿ-ಮಗಳ ಹೋಲಿಕೆ. ಅಮೆರಿಕದಲ್ಲಿ 1930ರ ದಶಕದಿಂದ 1962ರವರೆಗೆ ಸರ್ಕಾರ ಹೋರಿಗಳನ್ನು ಹೀಗೆಯೇ ಅಳೆಯಿತು. ಮಗಳಲ್ಲಿ ಅರ್ಧ ತಾಯಿ, ಅರ್ಧ ತಂದೆ ಇದ್ದಾರೆಂದು ಇಟ್ಟುಕೊಳ್ಳಿ. ತಾಯಂದಿರ ಸರಾಸರಿ ಸೂಲಿಗೆ 2000 ಲೀಟರ್, ಹೆಣ್ಣುಮಕ್ಕಳದ್ದು 2300. ಆಗ ಹೋರಿಯ ಅಂಕ 2300ರ ಎರಡರಷ್ಟರಲ್ಲಿ 2000 ಕಳೆದರೆ ಉಳಿಯುವ 2600. ಲೆಕ್ಕ ಅಂದವಾಗಿದೆ. ಆದರೆ ತಾಯಿ ಕರೆದ ವರ್ಷ ಬೇರೆ, ಮಗಳು ಕರೆದ ವರ್ಷ ಬೇರೆ. ತಾಯಿ ಬರಗಾಲದಲ್ಲಿ ಕರೆದು ಮಗಳು ಒಳ್ಳೆಯ ಮಳೆಯ ವರ್ಷದಲ್ಲಿ ಕರೆದರೆ, ಮಳೆಯ ಪುಣ್ಯವೂ ಹೋರಿಯ ಖಾತೆಗೆ ಜಮಾ ಆಗುತ್ತದೆ.

ಮಿಶ್ರತಳಿಯಲ್ಲಿ ಇದು ಇನ್ನೂ ದೊಡ್ಡ ಮೋಸ. ತಾಯಿ ಎರಡು ಮೂರು ಲೀಟರಿನ ನಾಟಿ ಹಸು, ತಂದೆ ಸೀಮೆ ಹೋರಿ. ಮಗಳು ಎಂಟೋ ಹತ್ತೋ ಲೀಟರ್ ಕೊಟ್ಟೇ ಕೊಡುತ್ತಾಳೆ. ಈ ಲೆಕ್ಕದಲ್ಲಿ ಯಾವ ಸೀಮೆ ಹೋರಿಯೂ ವೀರಾಧಿವೀರನೇ.

ಒಂದೇ ತರಗತಿಯ ಮಕ್ಕಳು

ಡೆನ್ಮಾರ್ಕಿನವರು 1940ರ ದಶಕದಲ್ಲಿ ಒಂದು ಉಪಾಯ ಹೂಡಿದರು. ಒಂದು ಹೋರಿಯ ಇಪ್ಪತ್ತರ ಆಸುಪಾಸು ಕಡಸುಗಳನ್ನು ಬೇರೆ ಬೇರೆ ಮನೆಗಳಿಂದ ತಂದು ವಿಶೇಷ ಪರೀಕ್ಷಾ ಕೇಂದ್ರದಲ್ಲಿ ಕಟ್ಟಿ, ಒಂದೇ ಮೇವು, ಒಂದೇ ಆರೈಕೆ ಕೊಟ್ಟು ಹಾಲು ಅಳೆದರು. ಪ್ರಯೋಗಾಲಯದಷ್ಟು ಶುದ್ಧವಾದ ವಿಧಾನವೆಂದು ತೋರಿತು. ಆದರೆ 1960ರ ಹೊತ್ತಿಗೆ ಕೇಂದ್ರದ ಫಲಿತಾಂಶವನ್ನು ರೈತರ ಕೊಟ್ಟಿಗೆಯ ಫಲಿತಾಂಶದ ಜೊತೆ ಹೋಲಿಸಿದಾಗ, ಕೇಂದ್ರದಲ್ಲಿ ಕಂಡ ಅಂತರವನ್ನು ಪೂರ್ತಿ ನಂಬುವಂತಿಲ್ಲವೆಂದು ತಿಳಿಯಿತು. ಒಂದು ಹೋರಿಯ ಮಕ್ಕಳೆಲ್ಲ ಒಂದೇ ಸೂರಿನಡಿ, ಒಬ್ಬರದೇ ಆರೈಕೆಯಲ್ಲಿದ್ದಾಗ, ಆ ಸೂರಿನ ಮತ್ತು ಆ ಕೈಯ ಗುಣವೂ ಹೋರಿಯ ಗುಣದ ಜೊತೆ ಬೆರೆತುಹೋಗುತ್ತದೆ.

ದಾರಿ ತೋರಿದವರು ಬ್ರಿಟನ್ನಿನ ಅಲನ್ ರಾಬರ್ಟ್‌ಸನ್ ಮತ್ತು ರೆಂಡೆಲ್. 1954ರಲ್ಲಿ ಅವರು ಸಮಕಾಲೀನ ಹೋಲಿಕೆಯನ್ನು ಮುಂದಿಟ್ಟರು. ಮಗಳನ್ನು ತಾಯಿಯ ಜೊತೆ ಹೋಲಿಸಬೇಡಿ. ಅದೇ ಕೊಟ್ಟಿಗೆಯಲ್ಲಿ, ಅದೇ ವರ್ಷ, ಅದೇ ಕಾಲದಲ್ಲಿ ಕರೆಯುತ್ತಿರುವ ಬೇರೆ ಹೋರಿಗಳ ಹೆಣ್ಣುಮಕ್ಕಳ ಜೊತೆ ಹೋಲಿಸಿ. ಮಳೆ, ಮೇವು, ಬಿಸಿಲು ಎಲ್ಲವೂ ಇಬ್ಬರಿಗೂ ಒಂದೇ ಆದ್ದರಿಂದ ಕಳೆದಾಗ ಹೊರಟುಹೋಗುತ್ತವೆ.

ನಮ್ಮ ರಾಮ-ಭೀಮರಿಗೆ ಬನ್ನಿ. ಆನೇಕಲ್ಲಿನಲ್ಲಿ ರಾಮನ ಮಕ್ಕಳು 12 ಲೀಟರ್ ಕೊಟ್ಟರೆ ಪಕ್ಕದಲ್ಲಿ ಕಟ್ಟಿದ ಇತರ ಹಸುಗಳು 13 ಕೊಡುತ್ತಿವೆ. ಪಾವಗಡದಲ್ಲಿ ಭೀಮನ ಮಕ್ಕಳು 8, ಇತರ ಹಸುಗಳು ಆರೂವರೆ. ಈಗ ರಾಮನದು ಒಂದು ಲೀಟರ್ ಕಡಿಮೆ, ಭೀಮನದು ಒಂದೂವರೆ ಹೆಚ್ಚು. ತೀರ್ಪು ತಲೆಕೆಳಗಾಯಿತು.

ಇನ್ನೊಂದು ಜಾಣ್ಮೆಯೂ ಇದರಲ್ಲಿ ಸೇರಿತು. ಎಷ್ಟು ಹೆಣ್ಣುಮಕ್ಕಳನ್ನು ನೋಡಿ ತೀರ್ಪು ಕೊಟ್ಟಿರಿ? ಹಾಲಿನಲ್ಲಿ ವಂಶದ ಪಾಲು ಕಾಲುಭಾಗ ಎಂದಾದರೆ, ಹೆಣ್ಣುಮಕ್ಕಳ ಸಂಖ್ಯೆಯನ್ನು ಅದೇ ಸಂಖ್ಯೆಗೆ 15 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಬರುವ ಭಿನ್ನರಾಶಿಯೇ ನಂಬಿಕೆಯ ಅಳತೆ. 5 ಹೆಣ್ಣುಮಕ್ಕಳಿದ್ದರೆ 20ರಲ್ಲಿ 5, ಅಂದರೆ ಕಾಲುಭಾಗ. 15 ಇದ್ದರೆ ಅರ್ಧ. 45 ಇದ್ದರೆ ಮುಕ್ಕಾಲು. ಭೀಮನಿಗೆ ಐದೇ ಮಕ್ಕಳಾದರೆ ಅವನ ಒಂದೂವರೆ ಲೀಟರಿನಲ್ಲಿ ನಂಬಬೇಕಾದದ್ದು 0.375 ಮಾತ್ರ. 'ಸೋಮ' ಎಂಬ ಮೂರನೆಯ ಹೋರಿಗೆ ಒಂದೇ ಲೀಟರ್ ಹೆಚ್ಚಳವಿದ್ದು 45 ಮಕ್ಕಳಿದ್ದರೆ ಅವನಿಗೆ ಸಿಗುವುದು 0.75. ಸೋಮನೇ ಮುಂದೆ. ಒಂದೇ ಪಂದ್ಯದಲ್ಲಿ ಶತಕ ಹೊಡೆದವನಿಗಿಂತ ಹತ್ತಾರು ಪಂದ್ಯದಲ್ಲಿ ಅರವತ್ತರ ಸರಾಸರಿ ಇಟ್ಟವನನ್ನು ತಂಡಕ್ಕೆ ತೆಗೆದುಕೊಳ್ಳುವಂತೆ.

ಎಲ್ಲ ಸಮೀಕರಣಗಳೂ ಒಟ್ಟಿಗೆ

ಆದರೂ ಒಂದು ತೊಡಕು ಉಳಿಯಿತು. ನಿಮ್ಮ ಶಾಲೆಯ 'ಎ' ವಿಭಾಗದಲ್ಲಿ ಎಲ್ಲರೂ ಜಾಣರು ಎಂದುಕೊಳ್ಳಿ. ಅಲ್ಲಿ ಹತ್ತನೆಯವನಾದವನು 'ಬಿ' ವಿಭಾಗದಲ್ಲಿದ್ದರೆ ಮೊದಲಿಗನಾಗುತ್ತಿದ್ದನೇನೋ. ಹಾಗೆಯೇ, ಪಕ್ಕದಲ್ಲಿ ಕಟ್ಟಿದ ಹಸುಗಳು ಅತ್ಯುತ್ತಮ ಹೋರಿಯ ಮಕ್ಕಳಾಗಿದ್ದರೆ ಸಾಧಾರಣ ಒಳ್ಳೆಯ ಹೋರಿಯೂ ಕೆಟ್ಟದಾಗಿ ಕಾಣುತ್ತದೆ. ಹೋರಿಯನ್ನು ಅಳೆಯಲು ಕೊಟ್ಟಿಗೆ ಗೊತ್ತಿರಬೇಕು, ಕೊಟ್ಟಿಗೆಯನ್ನು ಅಳೆಯಲು ಅಲ್ಲಿರುವ ಹೋರಿಗಳು ಗೊತ್ತಿರಬೇಕು.

ಎರಡು ಅವ್ಯಕ್ತಗಳ ಸಮೀಕರಣವನ್ನು ನೀವು ಶಾಲೆಯಲ್ಲಿ ಬಿಡಿಸಿದ್ದೀರಿ. ಇಲ್ಲಿಯೂ ಹಾಗೆಯೇ. ಪ್ರತಿ ಹೋರಿಯೂ ಒಂದು ಅವ್ಯಕ್ತ, ಪ್ರತಿ ಊರು, ವರ್ಷ, ಋತುವೂ ಒಂದು ಅವ್ಯಕ್ತ. ಒಂದೇ ಹೋರಿಯ ಮಕ್ಕಳು ಹಲವು ಊರುಗಳಲ್ಲಿ ಇರುವುದರಿಂದ ಊರುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಎಲ್ಲ ಸಮೀಕರಣಗಳನ್ನೂ ಏಕಕಾಲಕ್ಕೆ ಬಿಡಿಸಿದರೆ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತದೆ. ಇದು ಕನಿಷ್ಠ ವರ್ಗಗಳ ವಿಧಾನ. ಇದರ ದೋಷವೆಂದರೆ ನಾಲ್ಕೈದು ಹೆಣ್ಣುಮಕ್ಕಳಿರುವ ಹೋರಿಯ ಅಂಕವನ್ನೂ ನೂರು ಇರುವುದರಷ್ಟೇ ಗಂಭೀರವಾಗಿ ಹೇಳಿಬಿಡುತ್ತದೆ. ಆದ್ದರಿಂದ ಪಟ್ಟಿಯ ತುತ್ತತುದಿಯಲ್ಲೂ ತೀರ ಕೆಳಗೂ ಕಡಿಮೆ ಮಕ್ಕಳ ಹೋರಿಗಳೇ ಬಂದು ಕೂರುತ್ತವೆ.

ಈ ಎರಡು ಗುಣಗಳನ್ನು, ಅಂದರೆ ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದನ್ನೂ ಕಡಿಮೆ ಮಾಹಿತಿಯನ್ನು ಕಡಿಮೆ ನಂಬುವುದನ್ನೂ, ಒಂದುಗೂಡಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹೆಂಡರ್‌ಸನ್. ಅವರ ವಿಧಾನಕ್ಕೆ 'ಬ್ಲಪ್' ಎಂಬ ಚಿಕ್ಕ ಹೆಸರು ನಿಂತಿತು. ಪಕ್ಷಪಾತವಿಲ್ಲದ ಅತ್ಯುತ್ತಮ ರೇಖೀಯ ಮುನ್ನಂದಾಜು ಎಂದು ಅದರ ಅರ್ಥ. ವಿಚಾರ ಹೊಳೆದದ್ದು 1940ರ ದಶಕದ ಕೊನೆಯಲ್ಲಿ. ಸಾವಿರಾರು ಸಮೀಕರಣ ಬಿಡಿಸುವ ಗಣಕಯಂತ್ರ ಬರುವವರೆಗೆ ಅದು ಹೆಚ್ಚಾಗಿ ಕಾಗದದಲ್ಲೇ ಉಳಿಯಿತು. 1970ರ ದಶಕದಲ್ಲಿ ಬಳಕೆಗೆ ಬಂತು. 1989ರಲ್ಲಿ ಅಮೆರಿಕ ಇನ್ನೂ ಮುಂದೆ ಹೋಗಿ, ಹೋರಿಯನ್ನಷ್ಟೇ ಅಲ್ಲದೆ ಹಸು, ಅಜ್ಜಿ, ಸೋದರಿ ಎಂದು ವಂಶವೃಕ್ಷದ ಪ್ರತಿಯೊಂದು ಪ್ರಾಣಿಗೂ ಅಂಕ ಕೊಡುವ ಮಾದರಿಯನ್ನು ಅಧಿಕೃತಗೊಳಿಸಿತು.

ನಮ್ಮ ಕೊಟ್ಟಿಗೆಯ ಕಷ್ಟ

ಈ ವಿಧಾನಗಳನ್ನು ನಮ್ಮ ದೇಶಕ್ಕೆ ತಂದಾಗ ಎರಡು ಕಷ್ಟಗಳು ಎದುರಾದವು.

ಮೊದಲನೆಯದು, ನಮ್ಮಲ್ಲಿ ನೂರು ಹಸುಗಳ ಹಿಂಡು ಇರುವುದು ಅಪರೂಪ. ಮಂಡ್ಯದಲ್ಲೋ ಕೋಲಾರದಲ್ಲೋ ಒಂದು ಮನೆಗೆ ಒಂದೋ ಎರಡೋ ಹಸು. ಒಂಟಿ ಹಸುವಿಗೆ ಸಮಕಾಲೀನರು ಯಾರು? ಆದ್ದರಿಂದ ಇಡೀ ಹಳ್ಳಿಯನ್ನೋ ಹಳ್ಳಿಗಳ ಗುಂಪನ್ನೋ ಒಂದು ಹಿಂಡೆಂದು ಭಾವಿಸಬೇಕಾಯಿತು. ತಿಂಗಳಿಗೊಮ್ಮೆ ಒಬ್ಬರು ಮನೆಮನೆಗೆ ಹೋಗಿ ಬೆಳಗಿನ ಹಾಲು, ಸಂಜೆಯ ಹಾಲು ಅಳೆದು, ಅದರಿಂದ 305 ದಿನಗಳ ಸೂಲಿನ ಹಾಲನ್ನು ಅಂದಾಜು ಮಾಡಬೇಕು. ಯಾವ ಹಸುವಿಗೆ ಯಾವ ಹೋರಿಯ ಕಡ್ಡಿ ಹಾಕಿತೆಂಬುದನ್ನು ತಪ್ಪದೆ ಬರೆಯಬೇಕು. ಅದೊಂದು ತಪ್ಪಿದರೆ ಹೆಂಡರ್‌ಸನ್‌ರ ಗಣಿತವೂ ಕೈಚೆಲ್ಲುತ್ತದೆ.

ಎರಡನೆಯದು ಮಿಶ್ರತಳಿಯದೇ ವಿಶೇಷ. ನಾಟಿ ಹಸುವಿಗೆ ಶುದ್ಧ ಸೀಮೆ ಹೋರಿಯಿಂದ ಹುಟ್ಟಿದ ಮೊದಲ ಪೀಳಿಗೆಯಲ್ಲಿ, ತಂದೆತಾಯಿಯರ ಸರಾಸರಿಗಿಂತ ಮೇಲೆ ಒಂದು ಹೆಚ್ಚಿನ ಹುರುಪು ಇರುತ್ತದೆ. ಇದನ್ನು ಸಂಕರ ಚೈತನ್ಯ ಎನ್ನುತ್ತಾರೆ. ಮಿಶ್ರತಳಿಯ ಹಸುವಿಗೆ ಮಿಶ್ರತಳಿಯ ಹೋರಿಯನ್ನೇ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಆ ಹುರುಪಿನ ಅರ್ಧದಷ್ಟು ಕಳೆದುಹೋಗುತ್ತದೆ. ತಪ್ಪು ಹೋರಿಯದಲ್ಲ, ವಂಶವಾಹಿಗಳು ಹಂಚಿಹೋಗುವ ರೀತಿಯದು. ಆದ್ದರಿಂದ ಸೀಮೆ ರಕ್ತ ನೂರಕ್ಕೆ 50 ಇರುವ ಮಗಳನ್ನೂ 75 ಇರುವ ಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನ್ಯಾಯವಾಗದು. ಲೆಕ್ಕದಲ್ಲಿ ಪ್ರತಿ ರಕ್ತಪ್ರಮಾಣದ ಗುಂಪಿಗೂ ಬೇರೆ ಅವ್ಯಕ್ತ ಇಡಬೇಕು.

ಈ ಕೆಲಸಕ್ಕೆ ದೇಶದಲ್ಲಿ ಹಲವರು ಕೈಹಾಕಿದರು. ಕೇರಳದಲ್ಲಿ 1963ರಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಮಾಟ್ಟುಪ್ಪೆಟ್ಟಿಯಲ್ಲಿ ಆರಂಭವಾದ ಯೋಜನೆ ಮುಂದೆ ಸುನಂದಿನಿ ಎಂಬ ಮಿಶ್ರತಳಿಗೆ ಕಾರಣವಾಯಿತು. 1985ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ರೈತರ ಮನೆಗಳಲ್ಲೇ ಮಿಶ್ರತಳಿ ಹೋರಿಗಳ ಸಂತತಿ ಪರೀಕ್ಷೆಗೆ ತೊಡಗಿತು. ಸೇನೆಯ ಹೈನು ಕೇಂದ್ರಗಳಲ್ಲಿ ಫ್ರೀಷಿಯನ್ ಮತ್ತು ಸಾಹಿವಾಲ್ ಬೆರೆಸಿ ಫ್ರೀಸ್ವಾಲ್ ತಳಿಯನ್ನು ಕಟ್ಟುವ ಯೋಜನೆಯೂ ನಡೆಯಿತು. ಆ ಸೇನಾ ಕೇಂದ್ರಗಳು 2021ರಲ್ಲಿ ಮುಚ್ಚಿದವು. ಕರ್ನಾಟಕದಲ್ಲಿ 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹಳ್ಳಿಹಳ್ಳಿಗೆ ಹಾಲಿನ ಡೈರಿ ಬಂದಾಗ ಅದರ ಜೊತೆಯಲ್ಲೇ ಕೃತಕ ಗರ್ಭಧಾರಣೆಯೂ ಮನೆಬಾಗಿಲಿಗೆ ಬಂತು.

ಯಾವ ವಿಧಾನ ಮೇಲು?

ಹಾಗಾದರೆ ವಿಧಾನಗಳನ್ನೇ ಹೋಲಿಸುವುದು ಹೇಗೆ? ನಮ್ಮ ಸಂಶೋಧಕರು ಒಂದೇ ಹಿಂಡಿನ ದಾಖಲೆಯನ್ನು ಹಲವು ವಿಧಾನಗಳಲ್ಲಿ ಲೆಕ್ಕ ಹಾಕಿ, ಹೋರಿಗಳ ಸ್ಥಾನ ಎಷ್ಟು ಬದಲಾಗುತ್ತದೆಂದು ನೋಡುತ್ತಾರೆ. ಸ್ಥಾನಗಳ ಹೊಂದಾಣಿಕೆಯನ್ನು ಸ್ಪಿಯರ್‌ಮನ್‌ನ ಸಹಸಂಬಂಧಾಂಕದಿಂದ ಅಳೆಯುತ್ತಾರೆ. ಕನಿಷ್ಠ ವರ್ಗ ಮತ್ತು ಬ್ಲಪ್ ವಿಧಾನಗಳ ಪಟ್ಟಿಗಳು ಹಲವು ಸಲ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಹಾಗೆಂದು ಯಾವುದಾದರೂ ನಡೆಯುತ್ತದೆನ್ನಬೇಡಿ. ನಮಗೆ ಬೇಕಾದದ್ದು ನೂರು ಹೋರಿಗಳ ಪಟ್ಟಿಯಲ್ಲ, ಮೇಲಿನ ನಾಲ್ಕೈದು ಹೋರಿಗಳು. ಆ ನಾಲ್ಕೈದರಲ್ಲಿ ಒಂದು ಬದಲಾದರೂ ಸಾವಿರಾರು ಕರುಗಳ ತಂದೆ ಬದಲಾಗುತ್ತದೆ.

ಹೊಂದಾಣಿಕೆ ಮಾತ್ರ ಸತ್ಯಕ್ಕೆ ಸಾಕ್ಷಿಯೂ ಅಲ್ಲ. ಎರಡು ಗಡಿಯಾರ ಒಂದೇ ಸಮಯ ತೋರಿದರೆ ಎರಡೂ ಸರಿ ಎಂದಲ್ಲ, ಎರಡೂ ಒಟ್ಟಿಗೆ ಹಿಂದಿರಬಹುದು. ಒಳ್ಳೆಯ ಪರೀಕ್ಷೆ ಹೀಗೆ: ಒಂದು ಹೋರಿಯ ಹೆಣ್ಣುಮಕ್ಕಳನ್ನು ಎರಡು ಪಾಲು ಮಾಡಿ. ಮೊದಲ ಪಾಲಿನಿಂದ ಅಂಕ ಕಟ್ಟಿ, ಎರಡನೆಯ ಪಾಲು ಎಷ್ಟು ಹಾಲು ಕೊಡುತ್ತದೆಂದು ಮೊದಲೇ ಹೇಳಿ. ಯಾವ ವಿಧಾನದ ಮಾತು ನಿಜವಾಗುತ್ತದೋ ಅದೇ ಮೇಲು. ದಾಖಲೆ ಚೆನ್ನಾಗಿದ್ದಾಗ ಬ್ಲಪ್ ಈ ಪರೀಕ್ಷೆಯಲ್ಲಿ ಮುಂದೆ ನಿಲ್ಲುತ್ತದೆ. ಪ್ರತಿ ಊರಿನಲ್ಲೂ ಒಂದೇ ಹೋರಿಯ ಮಕ್ಕಳಿದ್ದು ಊರುಗಳ ನಡುವೆ ಕೊಂಡಿಯೇ ಇಲ್ಲದಿದ್ದರೆ ಯಾವ ವಿಧಾನವೂ ಊರಿನ ಗುಣವನ್ನು ಹೋರಿಯ ಗುಣದಿಂದ ಬೇರ್ಪಡಿಸಲಾರದು.

ಕಾಯುವಿಕೆಯ ಬೆಲೆಯೂ ಇದೆ. ಹೋರಿ ಬೆಳೆದು ಪರೀಕ್ಷೆಯ ಕಡ್ಡಿ ಹಂಚಲು ಒಂದೂವರೆ ಎರಡು ವರ್ಷ, ಗರ್ಭ ಒಂಬತ್ತು ತಿಂಗಳು, ಕಡಸು ಬೆಳೆದು ಕರು ಹಾಕಲು ಎರಡೂವರೆ ಮೂರು ವರ್ಷ, ಮೊದಲ ಸೂಲು ಹತ್ತು ತಿಂಗಳು. ತೀರ್ಪು ಬರುವಾಗ ಹೋರಿಗೆ ಆರೇಳು ವರ್ಷ. 2001ರಲ್ಲಿ ಮ್ಯೂವಿಸ್ಸೆನ್, ಹೇಸ್ ಮತ್ತು ಗೊಡ್ಡಾರ್ಡ್ ಎಂಬ ವಿಜ್ಞಾನಿಗಳು, ಕರುವಿನ ಡಿ.ಎನ್.ಎ.ಯಲ್ಲಿರುವ ಸಾವಿರಾರು ಗುರುತುಗಳನ್ನು ಓದಿ ಹುಟ್ಟಿದಾಗಲೇ ಅಂಕ ಹೇಳಬಹುದೆಂದು ತೋರಿಸಿದರು. 2009ರಿಂದ ಅಮೆರಿಕದಲ್ಲಿ ಅದು ಅಧಿಕೃತವಾಯಿತು. ನಮ್ಮ ದೇಶದ ರಾಸುಗಳಿಗೆಂದೇ ತಯಾರಿಸಿದ 'ಗೌ ಚಿಪ್' 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಆದರೆ ಆ ಗುರುತುಗಳ ಅರ್ಥ ತಿಳಿಯಬೇಕಾದರೆ ಸಾವಿರಾರು ಹಸುಗಳ ಡಿ.ಎನ್.ಎ. ಜೊತೆಗೆ ಅವು ಕೊಟ್ಟ ಹಾಲಿನ ಲೆಕ್ಕವೂ ಬೇಕು. ಯಂತ್ರ ಎಷ್ಟೇ ಹೊಸದಾದರೂ ಕೊಟ್ಟಿಗೆಯಲ್ಲಿ ಹಾಲು ಅಳೆದು ಬರೆಯುವ ಕೈ ತಪ್ಪುವುದಿಲ್ಲ.

ಇನ್ನೊಂದು ಮಾತು. ಏನನ್ನು ಅಳೆಯುತ್ತೇವೋ ಅದೇ ಬೆಳೆಯುತ್ತದೆ. ಹಾಲನ್ನಷ್ಟೇ ಅಳೆದರೆ ಹಾಲು ಹೆಚ್ಚುತ್ತದೆ. ಗರ್ಭ ನಿಲ್ಲುವುದು, ಕೆಚ್ಚಲಿನ ಆರೋಗ್ಯ, ಬಿಸಿಲು ತಡೆಯುವ ಶಕ್ತಿ ಹಿಂದೆ ಬೀಳಬಹುದು. ನಮ್ಮ ಹಳ್ಳಿಕಾರ್, ಅಮೃತ ಮಹಲ್ ರಾಸುಗಳಲ್ಲಿ ಇರುವ ಗಟ್ಟಿತನಕ್ಕೆ ಲೀಟರಿನ ಲೆಕ್ಕದಲ್ಲಿ ಅಂಕವೇ ಇಲ್ಲ. ಅಂಕ ಇಲ್ಲವೆಂದ ಮಾತ್ರಕ್ಕೆ ಬೆಲೆ ಇಲ್ಲವೆಂದಲ್ಲ.

ಈಗ ನಮ್ಮ ಬೀದಿಯ ಅಜ್ಜಿಗೆ ಉತ್ತರ ಹೇಳಬಲ್ಲೆ. ಐದು ಲೀಟರಿನ ಆ ಒಂದು ಕಡಸನ್ನು ನೋಡಿ ಹೋರಿಯನ್ನು ದೂರಲಾಗದು. ಒಂದೇ ಮಗಳಾದರೆ ನಂಬಿಕೆಯ ಭಿನ್ನರಾಶಿ 16ರಲ್ಲಿ 1. ಸಂಕರ ಚೈತನ್ಯ ತಗ್ಗಿರಬಹುದು, ಕಡಸಿಗೆ ಚಿಕ್ಕಂದಿನಲ್ಲಿ ಹೊಟ್ಟೆಗೆ ಸಾಲದಿರಬಹುದು, ಹೋರಿಯೂ ಕೆಟ್ಟದಿರಬಹುದು. ಹಾಗೆಯೇ, 'ಒಳ್ಳೇ ಹೋರೀದೇ' ಎಂದವರಿಗೂ ಹಾಗೆನ್ನಲು ಆಧಾರ ಬೇಕಿತ್ತು. ಆ ಆಧಾರ ಸಿಗಬಹುದಾಗಿದ್ದದ್ದು ಅಜ್ಜಿಯಂಥ ನೂರು ಜನರ ಕೊಟ್ಟಿಗೆಯಲ್ಲೇ. ಅಜ್ಜಿ ದಿನವೂ ಪಾವಿನಲ್ಲಿ ಹಾಲು ಅಳೆಯುತ್ತಿದ್ದರು. ಆ ಅಳತೆಯನ್ನು ಯಾರೂ ಬಂದು ಬರೆದುಕೊಳ್ಳಲಿಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಸುವಿದ್ದರೆ ಇಂದೇ ಒಂದು ನೋಟ್‌ಬುಕ್ ತೆಗೆಯಿರಿ. ಹಸುವಿನ ಕಿವಿಯ ಬಿಲ್ಲೆಯ ಸಂಖ್ಯೆ, ಕರು ಹಾಕಿದ ದಿನ, ಸೂಜಿ ಹಾಕಿಸಿದ ದಿನ, ಕಡ್ಡಿಯ ಮೇಲೆ ಅಚ್ಚಾಗಿರುವ ಹೋರಿಯ ಸಂಖ್ಯೆ, ತಿಂಗಳಿಗೊಮ್ಮೆ ಬೆಳಗಿನ ಮತ್ತು ಸಂಜೆಯ ಹಾಲು, ಇಷ್ಟನ್ನು ಬರೆಯಿರಿ. ಹಸುವಿಲ್ಲದವರು ಊರಿಗೆ ಹೋದಾಗ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪಂದಿರನ್ನು ಕೇಳಿ ನೋಡಿ: ನಿಮ್ಮ ಹಸುವಿನ ತಂದೆ ಯಾವ ಹೋರಿ?